ಅವ್ವ ಕಂಡ ಸೊಟ್ಟ ಬೈತಲೆ

“ಬೈತಲಿ ಸೊಟ್ಟ ಆತು ನೋಡವ್ವ!”

ಹೊಸಪೇಟೆಯ ಆಸ್ಪತ್ರೆಯೊಂದರ ಸಣ್ಣ ಕೋಣೆಯಲ್ಲಿ ಕುರ್ಚಿಗೊರಗಿದ್ದ ನಮ್ಮವ್ವ ಹೀಗೆಂದಾಗ ನಾನು ಬೆಚ್ಚಿಬಿದ್ದೆ. ಖಿನ್ನತೆ ಕವಿದ ಮೇಲೆ ಅವಳು ಹೂಂ, ಉಹೂಂ ಬಿಟ್ಟು ಬೇರೆ ಮಾತೇ ಆಡಿರಲಿಲ್ಲ. ಕೊಟ್ಟ ಮಾತ್ರೆಗಳು ಯಾವುವೂ ನಾಟಿರಲಿಲ್ಲ. ಮಿದುಳಿನ ತರಂಗಗಳನ್ನು ನೋಡಿದರೆ ಮುಂದಿನ ಔಷಧಿ ಆರಿಸಲು ಒಂದಿಷ್ಟು ನೆರವಾಗಬಹುದು, ಆದರೆ ಖಾತ್ರಿಯೇನಿಲ್ಲ ಎಂದಿದ್ದರು ಡಾಕ್ಟರು. ಅದಕ್ಕೇ ಇಇಜಿ ತೆಗೆಯುವ ಹುಡುಗಿ ಬಾಚಣಿಗೆಯ ತುದಿಯಿಂದ ಅವ್ವನ ಕೂದಲನ್ನು ಅಲ್ಲಲ್ಲಿ ಸೀಳಿ, ಅಂಟು ಹಚ್ಚಿ, ವೈರು ಕೂರಿಸುತ್ತಿದ್ದಳು.

ಕಂಪ್ಲಿಯಲ್ಲಿ ನಾನು ಶಾಲೆಗೆ ಹೋಗುವಾಗ ಅವ್ವನದು ಒಂದೇ ಹಟ, ಬೈತಲೆ ನೆಟ್ಟಗಿರಬೇಕು. ಎಳೆಯಷ್ಟು ಸೊಟ್ಟಗಾದರೂ ಹೆಣೆದ ಎರಡೂ ಜಡೆ ಬಿಚ್ಚಿ, ನನ್ನ ತಲೆಯನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು ಮತ್ತೆ ಬಾಚುತ್ತಿದ್ದಳು. ಗೆಳತಿಯರು ಹೊರಗೆ ಎಷ್ಟೇ ಕೂಗಲಿ, ಬಿಡುತ್ತಿರಲಿಲ್ಲ. ಬಾಚಣಿಗೆಯ ಆ ಚುರುಕು ಈಗಲೂ ನನ್ನ ನೆತ್ತಿಯಲ್ಲಿದೆ.

ಹುಡುಗಿ ನಕ್ಕಳು. “ಮಷಿನ್ ಬೈತಲಿ ಹಿಂಗ ಇರ್ತೈತ್ರಿ ಅಮ್ಮಾ. ಅಳ್ಳಾಡಬ್ಯಾಡ್ರಿ, ಕಣ್ಣು ಮುಚ್ರಿ.”

ಅವ್ವ ಕಣ್ಣು ಮುಚ್ಚಿದಳು. ಪರದೆಯ ಮೇಲೆ ಗೆರೆಗಳು ಓಡತೊಡಗಿದವು. ಸದ್ಯ ಅವ್ವ ಅವನ್ನು ನೋಡಲಿಲ್ಲ, ಒಂದೂ ನೆಟ್ಟಗಿರಲಿಲ್ಲ!

ಡಾಕ್ಟರು ಹೊಸ ಮಾತ್ರೆ ಬರೆದಿದ್ದಾರೆ, ಗುಣ ಕಾಣಲು ಕಾಯುತ್ತಿದ್ದೇವೆ. ಅಲ್ಲಿಯವರೆಗೆ, ಅರ್ಧ ತಲೆ ನರೆತಿರುವ ನಾನು ದಿನಾ ಬೆಳಿಗ್ಗೆ ಬೇಕಂತಲೇ ಸೊಟ್ಟ ಬೈತಲೆ ತೆಗೆದು ಅವ್ವನ ಮುಂದೆ ಹೋಗಿ ಕೂರುತ್ತೇನೆ. ನಿನ್ನೆ ಅವಳು ಬಾಚಣಿಗೆ ಕೇಳಿದಳು.