ಹುಳು ಮನೆಯ ಗೋಡೆಗೊಂದು ಸರ್ಟಿಫಿಕೇಟು

ರೇಷ್ಮೆ ತರಬೇತಿಯ ಸರ್ಟಿಫಿಕೇಟು ಕೊಟ್ಟ ದಿನ ನನಗೆ ಖುಷಿಯೂ ಆಯಿತು, ಸಿಟ್ಟೂ ಬಂತು. ನಾನು ಒಂದು ಪಾಠವನ್ನೂ ಬಿಡದೆ ಕಿವಿಗೊಟ್ಟು ಕೇಳಿದ್ದೆ. ನನ್ನ ಪಕ್ಕ ಕೂರುತ್ತಿದ್ದ ಕೋಡಿಹಳ್ಳಿ ಕಡೆಯ ಹೆಂಗಸು ಊಟವಾದ ಮೇಲೆ ಗೋಡೆಗೊರಗಿ ಹಾಯಾಗಿ ನಿದ್ದೆ ಹೊಡೆಯುತ್ತಿದ್ದಳು. ಅವಳಿಗೂ ಅದೇ ಚಿನ್ನದ ಬಣ್ಣದ ಅಂಚಿನ ಕಾಗದ, ಅದೇ ಚಪ್ಪಾಳೆ. ಫೋಟೊದಲ್ಲಿ ನನಗಿಂತ ಅವಳೇ ಚೆನ್ನಾಗಿ ಬಂದಿದ್ದಳು. ಹಾಗಂತ ರಾಮನಗರದಿಂದ ಬಸ್ಸಿನಲ್ಲಿ ಬರುವಾಗ ಆ ಕಾಗದವನ್ನು ನಾನೇನೂ ಕಡೆಗಣಿಸಲಿಲ್ಲ, ಮಡಚಿಹೋಗದ ಹಾಗೆ ಎದೆಗವಚಿಕೊಂಡೇ ನಮ್ಮೂರು ಬೈರಾಪಟ್ಟಣದವರೆಗೂ ಬಂದೆ.

ನಮ್ಮ ಹಿತ್ತಲಲ್ಲಿ ರೇಷ್ಮೆ ಹುಳ ಸಾಕುವ ಮನೆ ಇದೆ, ಹುಳು ಮನೆ. ಅದು ಅತ್ತೆಯ ರಾಜ್ಯ. ಅವರ ಮಂಡಿ ಸೋತ ಮೇಲೆ ಅದನ್ನು ಗೊಬ್ಬರದಂಗಡಿಯವರಿಗೆ ಗೋದಾಮಿಗೆ ಬಿಡುವ ಮಾತು ಶುರುವಾಯಿತು. ನಾನು ಮಾಡುತ್ತೇನೆ ಎಂದು ಹಟ ಹಿಡಿದು ತರಬೇತಿಗೆ ಹೋಗಿದ್ದೇ ಅದಕ್ಕೆ.

'ಒಂದು ಬೆಳೆ ನೀನೇ ತೆಗ್ದು ತೋರ್ಸು. ಬಂದ್ರೆ ಹುಳದ ಮನೆ ನಿಂದು, ಕೆಟ್ರೆ ಗೊಬ್ರದವ್ರಿಗೆ' ಅಂದರು ಅತ್ತೆ.

ನನ್ನ ಗಂಡ ಸರ್ಟಿಫಿಕೇಟಿಗೆ ಗಾಜಿನ ಕಟ್ಟು ಹಾಕಿಸಿ ತಂದರು. ಅತ್ತೆ ತಾವೇ ನಿಂತು ಅದನ್ನು ಹುಳು ಮನೆಯೊಳಗೆ, ಬಾಗಿಲಿನ ಪಕ್ಕದ ಗೋಡೆಗೆ ನೇತುಹಾಕಿಸಿದರು. ಬಂದವರಿಗೆಲ್ಲ 'ನಮ್ ಸೊಸೆ ಓದ್ಕೊಂಡು ಬಂದವ್ಳೆ' ಎಂದು ತೋರಿಸುವರು. ನನಗೂ ಒಳಗೊಳಗೇ ಹಿಗ್ಗು. ಅಷ್ಟರಲ್ಲಿ ನಾನು ತಂದು ಸಾಕುತ್ತಿದ್ದ ಹುಳುಗಳು ನಾಲ್ಕನೇ ಸಲ ಪೊರೆ ಬಿಟ್ಟು ಎದ್ದವು. ಆಮೇಲೆ ಅವಕ್ಕೆ ಎಷ್ಟು ಹಿಪ್ಪುನೇರಳೆ ಸೊಪ್ಪು ತಂದು ಸುರಿದರೂ ಸಾಲದು.

ಒಂದು ಶುಕ್ರವಾರ ಬೆಳಿಗ್ಗೆ ಸೊಪ್ಪಿನ ಹೊರೆ ಹೊತ್ತು ಬಂದರೆ ಹುಳು ಮನೆಯೊಳಗೆ ಊದಿನಕಡ್ಡಿ ವಾಸನೆ. ಅತ್ತೆ ಸರ್ಟಿಫಿಕೇಟಿಗೆ ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಸಿಕ್ಕಿಸಿ, ಒಂದು ಹಿಡಿ ಕಡ್ಡಿ ಹಚ್ಚಿ ಕೈಮುಗಿದು ನಿಂತಿದ್ದಾರೆ. ಹುಳು ಮನೆಯ ಹತ್ತಿರ ಬೀಡಿ ಹಚ್ಚಿದವರನ್ನು ಪೊರಕೆ ಹಿಡಿದು ಅಟ್ಟುವ ಹೆಂಗಸು ಇವರೇ.

ಎಲ್ಲಿತ್ತೋ ಸಿಟ್ಟು. ಹೊರೆ ಎಸೆದು, ಕಡ್ಡಿಗಳನ್ನು ಕಿತ್ತು ಹೊರಗೆ ಮಣ್ಣಿಗೆ ಒತ್ತಿದೆ. 'ನಿಮ್ಗೇನಾದ್ರೂ ಬುದ್ಧಿ ಐತಾ? ಹುಳ ಸಾಯ್ತವೆ, ಈಚೆಗ್ ಬನ್ನಿ' ಎಂದು ಕಿರುಚಿದೆ. ಮದುವೆಯಾಗಿ ಬಂದ ಮೇಲೆ ಅತ್ತೆಯ ಮೇಲೆ ದನಿ ಏರಿಸಿದ್ದು ಅದೇ ಮೊದಲು.

'ಬೀಡಿ ಅಲ್ಲ ಕಣವ್ವ, ದೇವ್ರ ಹೊಗೆ' ಅಂದರು ಅತ್ತೆ, ಮುಖ ಸಣ್ಣದು ಮಾಡಿಕೊಂಡು.

'ಹುಳಕ್ಕೆ ಏನ್ ಗೊತ್ತಾಯ್ತದೆ ಅದು?'

ಬಾಗಿಲ ಹತ್ತಿರದ ತಟ್ಟೆಗಳಲ್ಲಿ ಹುಳುಗಳು ತಲೆ ಎತ್ತಿಕೊಂಡು ಸುಮ್ಮನಿದ್ದವು, ಸೊಪ್ಪು ಮುಟ್ಟುತ್ತಿರಲಿಲ್ಲ. ಹೊಗೆ ತಾಗಿಸಬಾರದು ಎಂದು ತರಬೇತಿಯಲ್ಲಿ ಹೇಳಿದ್ದರು. ತಾಗಿಬಿಟ್ಟರೆ ಏನು ಮಾಡಬೇಕೆಂದು ಅವರೂ ಹೇಳಲಿಲ್ಲ, ನಾವ್ಯಾರೂ ಕೇಳಲಿಲ್ಲ. ನಾನು ಅಲ್ಲಿ ಹೋಗಿ ಕೂತಿದ್ದೆ ಅನ್ನುವುದನ್ನು ಗೋಡೆಯ ಮೇಲಿನ ಕಾಗದ ಹೇಳುತ್ತಿತ್ತು, ಅಷ್ಟೆ. ಮುಂದೇನು ಅಂತ ಅದನ್ನು ಕೇಳಿ ಪ್ರಯೋಜನವಿರಲಿಲ್ಲ.

ಕಿಟಕಿಯ ಪರದೆಗಳನ್ನೆಲ್ಲ ಎತ್ತಿಕಟ್ಟಿ, ಆ ತಟ್ಟೆಗಳನ್ನು ಗಾಳಿಯಾಡುವ ಕಡೆಗೆ ಸಾಗಿಸಿ, ಹೊಸ ಸೊಪ್ಪು ಹರಡಿ ಕಾದು ಕೂತೆ. ಅತ್ತೆ ಹೊಸ್ತಿಲಾಚೆ ಕೂತರು. ಇಬ್ಬರಿಗೂ ಊಟವಿಲ್ಲ. ಹೊತ್ತು ಇಳಿಯುವಷ್ಟರಲ್ಲಿ ಹುಳುಗಳು ಒಂದೊಂದಾಗಿ ಸೊಪ್ಪಿಗೆ ಬಾಯಿ ಹಾಕಿದವು. ಕೆಲವು ಸತ್ತವು, ಆಯ್ದು ಹಾಕಿದೆ. ಮಿಕ್ಕವು ತಿನ್ನುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ.

ಹುಳುಗಳು ಗೂಡು ಚೆನ್ನಾಗಿಯೇ ಕಟ್ಟಿದವು. ಅದನ್ನು ಮಾರ್ಕೆಟ್ಟಿಗೆ ಹಾಕಿ ಬಂದ ಸಂಜೆ ಅತ್ತೆ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. 'ಗೊಬ್ರದವ್ರಿಗೆ ಬ್ಯಾಡ ಅಂತ ಹೇಳ್ಕಳ್ಸಿವ್ನಿ. ಹುಳದ ಮನೆ ಇನ್ಮೇಲೆ ನಿಂದೇಯ.'

ನನಗೆ ತುಂಬ ಸಂತೋಷವಾಯಿತು. ತರಬೇತಿಗೆ ಹೋಗಿದ್ದು ಸಾರ್ಥಕವಾಯಿತು ಅಂದೆ.

'ನಿನ್ ಪೇಪರ್ ನೋಡ್ಕೊಂಡು ಕೊಡ್ತಾ ಇಲ್ಲ ಕಣವ್ವ' ಅಂದರು ಅತ್ತೆ. 'ಅವತ್ತು ಹುಳಕ್ಕೋಸ್ಕರ, ಅತ್ತೆ ಅಂತಾನೂ ನೋಡ್ದಂಗೆ ನನ್ ಮ್ಯಾಲೆ ಎಗರಾಡ್ದಲ್ಲ, ಅದ್ನ ನೋಡ್ಕೊಂಡು ಕೊಡ್ತಾ ಇವ್ನಿ.'