ಮಾವನವರ ಅರ್ಧ ಬ್ರೇಕು

ಬೇರೆಯವರು ವಾಹನ ಓಡಿಸುವಾಗ ಪಕ್ಕದಲ್ಲಿ ಕುಳಿತವರ ಬಲಗಾಲನ್ನು ನೀವು ಎಂದಾದರೂ ಗಮನಿಸಿದ್ದೀರಾ? ಎಮ್ಮೆಯೊಂದು ಅಡ್ಡ ಬಂದರೆ ಸಾಕು, ಆ ಕಾಲು ತಾನಾಗಿ ಮುಂದೆ ಚಾಚಿ, ಅಲ್ಲಿಲ್ಲದ ಬ್ರೇಕನ್ನು ನೆಲದ ತಗಡಿನ ಮೇಲೆ ಹುಡುಕಿ ಒತ್ತತೊಡಗುತ್ತದೆ. ವೇದಾಂತಿಗಳು ಹಗ್ಗದಲ್ಲಿ ಇಲ್ಲದ ಹಾವನ್ನು ಕಾಣುವ ಬಗೆ ಹೇಳಿದರು. ತಗಡಿನಲ್ಲಿ ಇಲ್ಲದ ಬ್ರೇಕನ್ನು ಕಾಣುವ ಮಾಯೆಯ ಬಗ್ಗೆ ಯಾರೂ ಭಾಷ್ಯ ಬರೆದಂತಿಲ್ಲ. ಸೈಕಲ್ಲಿಗಿಂತ ದೊಡ್ಡದನ್ನು ಓಡಿಸಲು ಕಲಿಯದೆ, ಸಾಗರದಲ್ಲಿ ಕನ್ನಡ ಪಾಠ ಹೇಳಿಕೊಂಡು ಆಯಸ್ಸು ಸವೆಸಿದ ನಾನು, ಪಕ್ಕದ ಸೀಟಿನಲ್ಲಿ ಕುಳಿತು ಹಾಕಿದಷ್ಟು ಬ್ರೇಕನ್ನು ಯಾವ ಲಾರಿ ಡ್ರೈವರನೂ ಹಾಕಿರಲಾರ. ಈ ವಿದ್ಯೆಗೆ ನನ್ನನ್ನು ತಯಾರು ಮಾಡಿದವರು ನನ್ನ ಹೆಂಡತಿಯ ತಂದೆ, ಮೇಳಿಗೆಯ ಮಾವನವರು.

ಎಪ್ಪತ್ತರ ದಶಕದ ಕೊನೆಯ ಮಾತು. ಮಾವನವರ ಬಳಿ ಹರಾಜಿನಲ್ಲಿ ಕೊಂಡ ಒಂದು ಹಳೇ ಪಿಕಪ್ ಇತ್ತು. ಅದರ ಮೂಲ ಬಣ್ಣ ಯಾವುದೆಂಬುದು ಸಂಶೋಧನೆಗೆ ಯೋಗ್ಯವಾದ ವಿಷಯವಾಗಿತ್ತು. ಒಂದು ಮಳೆಗಾಲದಲ್ಲಿ, ಹಲಸಿನ ಹಣ್ಣು ತುಂಬಿಕೊಂಡು ತೀರ್ಥಹಳ್ಳಿಗೆ ಹೊರಟಿದ್ದಾಗ, ಕೆಸರಿನ ತಿರುವಿನಲ್ಲಿ ಅವರು ಬ್ರೇಕ್ ಒತ್ತಿದರಂತೆ. ಮುಂದಿನ ಗಾಲಿಗಳೆರಡೂ ಗಕ್ಕನೆ ಕಚ್ಚಿಕೊಂಡವು. ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿದರೂ ಗಾಡಿ ಮಾತ್ರ ನೆಟ್ಟಗೆ ಜಾರಿಕೊಂಡು ಹೋಗಿ, ನಾಟಿ ಮಾಡಿದ ಯಾರದೋ ಗದ್ದೆಯಲ್ಲಿ ಹಲಸಿನ ಹಣ್ಣಿನ ಸಮೇತ ಕುಳಿತುಬಿಟ್ಟಿತು.

ಬೇರೆಯವರಾಗಿದ್ದರೆ ಟಯರನ್ನೋ ದೈವವನ್ನೋ ಬಯ್ದು ಸುಮ್ಮನಾಗುತ್ತಿದ್ದರು. ಮಾವನವರು ಬ್ರೇಕನ್ನೇ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಿದರು. ಮರುದಿನ ಗಾಡಿಯ ಕೆಳಗೆ ಮಲಗಿ, ಮುಂದಿನ ಗಾಲಿಗಳಿಗೆ ಬ್ರೇಕ್ ಎಣ್ಣೆ ಹೋಗುವ ಪೈಪನ್ನು ಬಿಚ್ಚಿ, ಅದರ ಜಾಗಕ್ಕೆ ಒಂದು ಬೋಲ್ಟ್ ಬಿಗಿದುಬಿಟ್ಟರು. ಅಲ್ಲಿಗೆ ಬ್ರೇಕು ಹಿಂದಿನ ಗಾಲಿಗಳಿಗೆ ಮಾತ್ರ. ಮುಂದಿನವಕ್ಕೆ ಸಂಪೂರ್ಣ ಸ್ವಾತಂತ್ರ್ಯ. ನಮ್ಮ ಕೆಸರಿನ ರಸ್ತೆಯ ಡ್ರೈವರುಗಳಲ್ಲಿ ಇದು ಅಪರೂಪದ ಚಿಕಿತ್ಸೆಯೇನೂ ಆಗಿರಲಿಲ್ಲ. ಮಳೆಗಾಲ ಮುಗಿದ ಮೇಲೆ ಪೈಪನ್ನು ಮತ್ತೆ ಕೂಡಿಸುವುದು ಎಂಬ ಕರಾರು ಇತ್ತು. ಆದರೆ ನವರಾತ್ರಿ ಕಳೆಯಿತು, ದೀಪಾವಳಿಯೂ ಕಳೆಯಿತು, ಬೋಲ್ಟು ಅಲ್ಲೇ ಇತ್ತು. ಏಕೆಂದರೆ ಅಷ್ಟರಲ್ಲಿ ಮಾವನವರಿಗೆ ಬ್ರೇಕಿಲ್ಲದೆ ಓಡಿಸುವುದರ ರುಚಿ ಹತ್ತಿತ್ತು.

ಆ ಚಾಲನೆಯನ್ನು ನಾನು ಹೊಗಳದೆ ಇರಲಾರೆ. ಇಳಿಜಾರು ಬರುವ ಮೊದಲೇ ಅವರ ಎಡಗೈ ಗೇರಿನ ಮೇಲಿರುತ್ತಿತ್ತು. ಏರಿದ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ನಿಯಮವನ್ನು ಅವರು ವ್ರತದಂತೆ ಪಾಲಿಸುತ್ತಿದ್ದರು. ಎಂಜಿನ್ನು ಗೊಣಗುತ್ತ, ಮುನಿಸಿಕೊಳ್ಳುತ್ತ, ಗಾಡಿಯನ್ನು ತಾನೇ ಹಿಡಿದು ಇಳಿಸುತ್ತಿತ್ತು. ಯಾವ ತಿರುವಿನಾಚೆ ಯಾರ ಮನೆಯ ದನ ಮಲಗಿರುತ್ತದೆ, ಯಾವ ಅಂಗಡಿಯ ಮುಂದೆ ಯಾರು ಹಿಂದುಮುಂದು ನೋಡದೆ ರಸ್ತೆಗಿಳಿಯುತ್ತಾರೆ, ಎಲ್ಲವೂ ಅವರಿಗೆ ಕರತಲಾಮಲಕ. ಊರಿನವರೂ ಅವರ ಗಾಡಿಗೆ ಹೊಂದಿಕೊಂಡಿದ್ದರು. ಹತ್ತಬೇಕಾದವರು ಇಳಿಜಾರಿನಲ್ಲಿ ಕೈ ತೋರಿಸುತ್ತಿರಲಿಲ್ಲ, ಏರಿನ ತುದಿಗೆ ಹೋಗಿ ನಿಲ್ಲುತ್ತಿದ್ದರು. ನಾನು ತಗಡು ಒತ್ತುವುದನ್ನು ಓರೆಗಣ್ಣಿನಲ್ಲಿ ಕಂಡು ಮಾವನವರು ನಗುತ್ತಿದ್ದರು. “ಬ್ರೇಕು ಅಂದ್ರೆ ಕಾಲಿನ ಕೆಲಸ ಅಲ್ಲ ಅಳಿಯಂದ್ರೆ, ಕಣ್ಣಿನ ಕೆಲಸ” ಎನ್ನುತ್ತಿದ್ದರು. ಛಂದಸ್ಸಿನ ಪಾಠದಲ್ಲಿ, ಪದ್ಯದ ಸಾಲಿನಲ್ಲಿ ಎಲ್ಲಿ ನಿಲ್ಲಬೇಕೆಂದು ಹೇಳುವ ಯತಿಸ್ಥಾನವನ್ನು ಕುರಿತು ನಾನು ಹೇಳುತ್ತಿದ್ದುದೂ ಹೆಚ್ಚುಕಡಿಮೆ ಅದೇ ಆದ್ದರಿಂದ, ನನಗೆ ಎದುರು ಮಾತು ಹೊಳೆಯುತ್ತಿರಲಿಲ್ಲ.

ಎದುರು ಮಾತು ಹೊಳೆದದ್ದು ಅತ್ತೆಗೆ. ಮದುವೆಯಾದಾಗಿನಿಂದ ಮಾವನವರ ಪ್ರತಿಯೊಂದು ವಾಹನದಲ್ಲೂ, ಎತ್ತಿನ ಗಾಡಿ ಮೊದಲ್ಗೊಂಡು, ಅವರ ಪಕ್ಕದಲ್ಲೇ ಕುಳಿತು ಬಂದವರು ಅವರು. ಬೋಲ್ಟಿನ ಸಂಗತಿ ತಿಳಿದ ದಿನ ಜಗುಲಿಯಲ್ಲಿ ಎಲ್ಲರ ಎದುರೇ ಹೇಳಿಬಿಟ್ಟರು: “ಗದ್ದೆಗೆ ಇಳಿದ್ರೆ ನಾವು ಕೆಸರು ತೊಳ್ಕಂಡು ಬರಬಹುದು. ಎದುರಿಗೆ ಸಿಕ್ಕಿದೋರು ಎಂಥ ಮಾಡಬೇಕು? ಮುಂದಿನ ಗಾಲಿಗೂ ಬ್ರೇಕ್ ಬರೋವರೆಗೂ ನಾನಂತೂ ಹತ್ತಲ್ಲ.”

ಹತ್ತಲಿಲ್ಲ. ಹೊಸನಗರದಲ್ಲಿದ್ದ ತಂಗಿಯ ಮನೆಗೆ ಹೋಗುವಾಗಲೆಲ್ಲ ಅತ್ತೆ ಪ್ರೈವೇಟ್ ಬಸ್ಸು ಹಿಡಿಯತೊಡಗಿದರು. ಮಾವನವರೋ, ಅದೇ ದಿನ ಅದೇ ಹೊತ್ತಿಗೆ ತಮಗೂ ಹೊಸನಗರದಲ್ಲಿ ಏನಾದರೊಂದು ಕೆಲಸ ಹುಟ್ಟಿಸಿಕೊಂಡು, ಖಾಲಿ ಪಿಕಪ್ಪಿನಲ್ಲಿ ಬಸ್ಸಿನ ಹಿಂದೆಯೇ ಹೊರಡುತ್ತಿದ್ದರು. ಬಸ್ಸಿನಲ್ಲಿ ಮುಂದೆ ಜಾಗವಿದ್ದರೂ ಅತ್ತೆ ಕೂರುತ್ತಿದ್ದುದು ಕಟ್ಟಕಡೆಯ ಸೀಟಿನಲ್ಲಿ. ಸೊಂಟ ಮುರಿಯುವ ಆ ಸೀಟಿನಿಂದ ಹಿಂದಿನ ಗಾಜಿನಲ್ಲಿ ಆಗಾಗ ತಿರುಗಿ ನೋಡಿ, ಗಂಡ ಸರಿಯಾಗಿ ಬರುತ್ತಿದ್ದಾರೆಂದು ಖಾತ್ರಿ ಮಾಡಿಕೊಳ್ಳುವರು. ಮಾವನವರು ಕಂಡೂ ಕಾಣದವರಂತೆ ಇರುವರು. ಪ್ರಣಯಕಲಹವನ್ನು ಪುಸ್ತಕದಲ್ಲಿ ಓದಿ ಪಾಠ ಹೇಳುತ್ತಿದ್ದ ನನಗೆ ಅದು ಡೀಸೆಲ್ಲಿನ ಹೊಗೆಯ ನಡುವೆ ಕಣ್ಣಾರೆ ಕಂಡದ್ದು ಹೀಗೆ. ಇಬ್ಬರಲ್ಲಿ ಯಾರು ಸೋಲುತ್ತಾರೆಂದು ಮನೆಮಂದಿಯೆಲ್ಲ ಕಾಯುತ್ತಿದ್ದೆವು. ಆದರೆ ಮಾವನವರ ಪಕ್ಕದ ಆ ಖಾಲಿ ಸೀಟು ನೋಡಲು ನಿಜಕ್ಕೂ ಬೇಸರವಾಗುತ್ತಿತ್ತು. ನಾನು ಅಲ್ಲಿ ಕುಳಿತಾಗಲೂ ಅದು ತುಂಬಿದಂತೆ ಅನ್ನಿಸುತ್ತಿರಲಿಲ್ಲ.

ಬೇಸಗೆಯ ರಜೆಯ ಒಂದು ದಿನ ನಾನೂ ಜೊತೆಗಿದ್ದೆ. ಹೊಸನಗರ ಇನ್ನೇನು ಹತ್ತಿರದಲ್ಲಿತ್ತು. ಒಣಗಿದ ಟಾರು ರಸ್ತೆ, ಇಳಿಜಾರು, ಎಡಕ್ಕೆ ರಸ್ತೆಗಾಗಿ ಗುಡ್ಡ ಕಡಿದ ಕೆಂಪು ಮಣ್ಣಿನ ಧರೆ, ಮುಂದೆ ಬಸ್ಸು. ಅತ್ತೆಯ ತಲೆ ಸರಿಯಾಗಿ ಕಾಣಲೆಂದೋ ಏನೋ, ಮಾವನವರು ಎಂದಿಗಿಂತ ಸ್ವಲ್ಪ ಹತ್ತಿರವೇ ಹೋಗುತ್ತಿದ್ದರು. ನಮ್ಮ ಪ್ರೈವೇಟ್ ಬಸ್ಸುಗಳ ಧರ್ಮ ನಿಮಗೆ ಗೊತ್ತಿದೆ: ಕೈಯೊಂದು ಕಂಡರೆ ಏರಿರಲಿ ಇಳಿಜಾರಿರಲಿ ನಿಲ್ಲಿಸಲೇಬೇಕು, ಇಲ್ಲದಿದ್ದರೆ ಆ ಕೈ ಹಿಂದೆ ಬರುವ ಬೇರೆ ಕಂಪನಿಯ ಬಸ್ಸಿಗೆ ಹೋಗುತ್ತದೆ. ಕಾಲುದಾರಿಯಿಂದ ಯಾರೋ ಓಡಿಬಂದು ಕೈ ಎತ್ತಿದರು. ಬಸ್ಸು ನಿಂತೇಬಿಟ್ಟಿತು.

ಮಾವನವರು ಬ್ರೇಕ್ ಒತ್ತಿದರು. ನಾನು ತಗಡು ಒತ್ತಿದೆ. ಎರಡರಿಂದಲೂ ಆದ ಪ್ರಯೋಜನ ಬಹುತೇಕ ಒಂದೇ. ಹಿಂದಿನ ಟಯರುಗಳು ಕಿರುಚಿದವು, ಗೇರು ಗರಗರ ಅಂದಿತು, ಗಾಡಿ ಮುಂದೆ ಮುಂದೆ ಹೋಗುತ್ತಲೇ ಇತ್ತು. ಗಾಜಿನಾಚೆ ಅತ್ತೆ ತಿರುಗಿ ನೋಡಿದರು. ಅವರ ಮುಖ ದೊಡ್ಡದಾಗುತ್ತ ಬಂತು. ಕೊನೆಯ ಗಳಿಗೆಯಲ್ಲಿ ಮಾವನವರು ಸ್ಟಿಯರಿಂಗನ್ನು ಎಡಕ್ಕೆ ಎಳೆದು, ಗಾಡಿಯನ್ನು ಚರಂಡಿಗಿಳಿಸಿ, ಧರೆಗೆ ಉಜ್ಜಿಕೊಂಡು ಹೋಗಿ ನಿಲ್ಲಿಸಿದರು. ಬಸ್ಸಿಗೂ ನಮಗೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಉಳಿದಿತ್ತು.

ಜನ ಇಳಿದು ಓಡಿಬಂದರು. ಹಿಂದಿನಿಂದ ಅತ್ತೆಯೂ ಬಂದರು. ಮಾವನವರ ಕೈ ಇನ್ನೂ ಸ್ಟಿಯರಿಂಗ್ ಬಿಟ್ಟಿರಲಿಲ್ಲ. ಅತ್ತೆ ಬಾಯಿ ತೆರೆಯುವ ಮೊದಲೇ ಅವರೆಂದರು: “ನಿನ್ನ ಮುಖ ಕಾಣ್ತಿತ್ತು ಮಾರಾಯ್ತಿ. ಎಷ್ಟು ಒತ್ತಿದ್ರೂ ಗಾಡಿ ನಿಲ್ಲಲಿಲ್ಲ.”

ಅಷ್ಟೇ ಮಾತು. ಕೆಸರು ಹಾಗೆ, ರಸ್ತೆ ಹೀಗೆ, ಬಸ್ಸಿನವನು ಇಂಥವನು ಎಂದು ಹೇಳಲು ಬೇಕಾದಷ್ಟಿತ್ತು, ಅವರು ಹೇಳಲಿಲ್ಲ. ಅವರ ಚಾಲನೆಯನ್ನು ಮೆಚ್ಚುತ್ತಿದ್ದ ನಾನು ಅವರನ್ನೇ ಮೆಚ್ಚಿದ್ದು ಆ ಚರಂಡಿಯಲ್ಲಿ. ಬಿಚ್ಚಿದ್ದು ತಪ್ಪಾಯಿತೆಂದು ಒಪ್ಪುವುದಕ್ಕೆ, ಬಿಚ್ಚುವುದಕ್ಕಿಂತ ಹೆಚ್ಚಿನ ಎದೆಗಾರಿಕೆ ಬೇಕು.

ಎಲ್ಲರೂ ಸೇರಿ ಗಾಡಿಯನ್ನು ರಸ್ತೆಗೆ ನೂಕಿದರು. ಕಂಡಕ್ಟರು “ಅಮ್ಮಾ ಹತ್ತಿ, ಟೈಮಾಯ್ತು” ಎಂದು ಸೀಟಿ ಊದಿದ. ಅತ್ತೆ ಬಸ್ಸಿಗೆ ಹೋಗಿ, ತಮ್ಮ ಚೀಲ ಇಳಿಸಿಕೊಂಡು ಬಂದು, ಪಿಕಪ್ಪಿನ ಬಾಗಿಲು ತೆಗೆದರು. ಮಾವನವರಿಗೇ ಗಾಬರಿ.

“ಬ್ಯಾಡ ಮಾರಾಯ್ತಿ, ನೀನು ಬಸ್ಸಲ್ಲೇ ಹೋಗು. ಗ್ಯಾರೇಜಿಗೆ ಹೋಗಿ ಮುಂದಿನ ಬ್ರೇಕ್ ಕೂಡಿಸ್ಕಂಡೇ ಬರ್ತೀನಿ.”

“ಗ್ಯಾರೇಜಿನವರೆಗೂ ಹೋಗಬೇಕಲ್ಲ” ಎಂದು ಅತ್ತೆ ಹತ್ತಿ ಕುಳಿತರು. “ನೀವೊಬ್ರೇ ಆದ್ರೆ ಹೆಂಗೆ ಹೋಗ್ತೀರಿ ಅಂತ ಗೊತ್ತು. ನಾನು ಕೂತಿದ್ರೆ ನಿಧಾನ ಹೋಗ್ತೀರಿ.”

ನಾನು ಹಿಂದಿನ ತೊಟ್ಟಿಗೆ ಹತ್ತಿಕೊಂಡೆ. ಪಿಕಪ್ಪು ಹೊಸನಗರದ ಕಡೆಗೆ ನಡೆಯತೊಡಗಿತು. ಓಡತೊಡಗಿತು ಎಂದರೆ ಸುಳ್ಳಾಗುತ್ತದೆ. ಬಾಳೆಗೊನೆ ಕಟ್ಟಿಕೊಂಡ ಸೈಕಲ್ಲಿನವನೊಬ್ಬ ಹಿಂದಿನಿಂದ ಗಂಟೆ ಬಾರಿಸಿದ. ಮಾವನವರು ಗಾಡಿಯನ್ನು ಬದಿಗೆ ಸರಿಸಿ, ಕೈ ಹೊರಚಾಚಿ, ಮುಂದೆ ಹೋಗೆಂದು ಅವನಿಗೆ ದಾರಿ ಬಿಟ್ಟರು.