ರುಚಿ ನೋಡದೆ ಮಾರಿದ ಜೇನು

ಜೇನು ಎಂದರೆ ಹುಳು ಕಕ್ಕಿದ್ದು. ಇದನ್ನು ಹೇಳಿಕೊಟ್ಟವರು ಜೇನು ಸಾಕಾಣಿಕೆ ತರಬೇತಿಯ ಸರ್, ಅದೂ ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮೊದಲು. ಒಂದು ಹುಳು ಹೂವಿನ ರಸವನ್ನು ಹೊಟ್ಟೆಯಲ್ಲಿ ಹೊತ್ತು ತಂದು ಇನ್ನೊಂದರ ಬಾಯಿಗೆ ಕಕ್ಕುತ್ತದೆ, ಅದು ಮತ್ತೊಂದರ ಬಾಯಿಗೆ. ಉಳಿದವರು ಬರೆದುಕೊಂಡರು. ನಾನು ಊಟ ಬಿಟ್ಟೆ.

ಇಂಥವನು ಜೇನುಪೆಟ್ಟಿಗೆ ತಂದದ್ದು ದಾಳಿಂಬೆಯ ಸಲುವಾಗಿ. ಅಲಖನೂರಿನ ಹತ್ತಿರ ನಮ್ಮ ಹೊಲ. ಸುತ್ತ ಎಲ್ಲರ ಕಬ್ಬು, ನಡುವೆ ನನ್ನೊಬ್ಬನ ದಾಳಿಂಬೆ. ಹೂವು ಬಿಡುತ್ತಿತ್ತು, ಉದುರುತ್ತಿತ್ತು. ಚಿಂತೆಯಲ್ಲಿ ನನ್ನ ಕೂದಲೂ ಅದರ ಜೊತೆಗೆ. ಜೇನುಹುಳು ಇದ್ದರೆ ಕಾಯಿ ಕಚ್ಚುತ್ತದೆ ಎಂದರು. ಪೆಟ್ಟಿಗೆ ತಂದಿಟ್ಟೆ.

ನಾವು ಜೈನರು. ಮದ್ಯ, ಮಾಂಸ, ಜೇನು ಮೂರನ್ನೂ ಒಂದೇ ಉಸಿರಿನಲ್ಲಿ ಬಿಟ್ಟ ಮನೆ. ಪೆಟ್ಟಿಗೆ ಇಳಿಸಿದ ದಿನ ಅವ್ವ ತೋಟದ ಬದುವಿನಲ್ಲೇ ನಿಂತು ಹೇಳಿದಳು:

"ಹೂವಿಗೆ ಹುಳಾ ಬೇಕಂದ್ರ ಸಾಕ್ಕೊ. ಆದ್ರ ಅದರ ಒಂದ ಹನಿ ಈ ಮನಿ ಹೊಸ್ತಿಲಾ ದಾಟಬಾರ್ದು, ನಿನ್ನ ಬಾಯಿಗೂ ಬೀಳಬಾರ್ದು. ಆಣಿ ಮಾಡು."

ಮಾಡಿದೆ. ಇಷ್ಟು ಸುಲಭದ ಆಣೆಯನ್ನು ನಾನು ಜನ್ಮದಲ್ಲಿ ಮಾಡಿರಲಿಲ್ಲ. ಆ ವಸ್ತುವಿನ ಸಲುವಾಗಿ ಆಗಲೇ ಒಂದು ಊಟ ಬಿಟ್ಟವನು ನಾನು.

ದಾಳಿಂಬೆ ಕಾಯಿ ಕಚ್ಚಿತು. ಆದರೆ ಹುಳುಗಳು ದಾಳಿಂಬೆಗಷ್ಟೇ ದುಡಿದು ಸುಮ್ಮನಿರುವುದಿಲ್ಲ, ಜೇನನ್ನೂ ಮಾಡುತ್ತವೆ. ಜೇನು ತುಂಬಿದ ಚೌಕಟ್ಟುಗಳನ್ನು ತೆಗೆಯಬೇಕು, ಮೇಣ ಕೊಯ್ಯಬೇಕು, ಯಂತ್ರದಲ್ಲಿ ತಿರುಗಿಸಬೇಕು. ಜರಡಿಯಲ್ಲಿ ಕಾಲು, ರೆಕ್ಕೆ, ಅರ್ಧ ಹುಳು. ಒಂದು ಪೆಟ್ಟಿಗೆಗೆ ಮೇಣ ತಿನ್ನುವ ಪತಂಗ ಬಿದ್ದು, ಮುಚ್ಚಳ ತೆಗೆದರೆ ಬೂದುಬಣ್ಣದ ಬಲೆ, ಅದರೊಳಗೆ ಕೊಬ್ಬಿದ ಬಿಳಿ ಹುಳುಗಳ ಕುದಿತ. ಮೊಣಕೈತನಕ ಅಂಟು, ಮೈಗೆಲ್ಲ ಹುಳಿಹುಳಿ ಸಿಹಿ ವಾಸನೆ. ಬಾವಿಯ ಮೋಟಾರು ಕೋಣೆಯಲ್ಲೇ ಜೇನನ್ನು ಬಾಟಲಿಗೆ ತುಂಬಿ, ಅಲ್ಲೇ ಸ್ನಾನ ಮಾಡಿ, ಅಂಗಿ ಬದಲಿಸಿ ಮನೆಗೆ ಹೋಗುತ್ತಿದ್ದೆ. ಆದರೂ ಅವ್ವ ಮೂಗು ಮುಚ್ಚಿಕೊಳ್ಳುತ್ತಿದ್ದಳು.

ಬಾಟಲಿಗಳನ್ನು ರಾಯಬಾಗದ ಸಂತೆಯಲ್ಲಿ ಮಾರುತ್ತಿದ್ದೆ. ರುಚಿ ಹೇಗಿದೆ ಎಂದು ಕೇಳಿದವರಿಗೆಲ್ಲ "ಭಾರಿ ಐತ್ರಿ" ಎನ್ನುತ್ತಿದ್ದೆ, ಹುಡುಗಿಯನ್ನೇ ನೋಡದೆ ಸಂಬಂಧ ಹೇಳುವ ಮಧ್ಯಸ್ಥಗಾರನ ಹಾಗೆ. ಹೋದ ಚಳಿಗಾಲದ ಒಂದು ಸಂತೆಯಲ್ಲಿ ಒಬ್ಬ ಅಜ್ಜಿ ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿದಳು.

"ಯಾಕೋ ತಮ್ಮಾ, ಇಷ್ಟ ಕಪ್ಪ ಐತಿ? ಪಾಕಾ ಕಾಸೀಯೇನ?"

"ಇಲ್ಲಬೇ ಆಯಿ, ಖರೇ ಜೇನು."

"ಹಂಗಾದ್ರ ನೀ ಒಂದ ಚಮಚಾ ತಿನ್ನು ನೋಡೂಣು."

"ನಾವು ತಿನ್ನಾಂಗಿಲ್ರಿ."

"ಕೇಳಿದ್ರೇನ್ರೀ?" ಅಜ್ಜಿ ಸಂತೆಗೆಲ್ಲ ಕೇಳುವಂತೆ ಕೂಗಿದಳು. "ತಾ ಮಾಡಿದ್ದ ತಾ ತಿನ್ನಾಂಗಿಲ್ಲಂತ! ಹಡದವ್ವ ಒಲ್ಲದ ಕೂಸ ನನಗ್ಯಾಕಪಾ?"

ಜನ ಸೇರಿದರು. ಹಿಂದಿನ ವಾರ ಕೊಂಡ ಇಬ್ಬರು ಅವರಲ್ಲಿದ್ದರು, ಅವರ ಮುಖಗಳು ಬದಲಾಗುವುದನ್ನು ಕಂಡೆ. ವ್ರತದ ವಿಷಯ ಹೇಳಬಹುದಿತ್ತು. ಹೇಳಿದರೆ, ವ್ರತದವ ಇದನ್ನು ಮಾರುವುದ್ಯಾಕೆ ಎಂದು ಕೇಳಿದರೆ? ಪೊಲೀಸರನ್ನು ಕರೆದರೆ? ನನ್ನ ತಲೆ ಆಗಲೇ ಜಾಮೀನಿನವರೆಗೆ ಹೋಗಿತ್ತು. ಚಮಚ ಎತ್ತಿ ಬಾಯಿಗೆ ಹಾಕಿಕೊಂಡುಬಿಟ್ಟೆ.

ಹುಳುವಿನ ಬಾಯಿಂದ ಹುಳುವಿನ ಬಾಯಿಗೆ, ಈಗ ನನ್ನ ಬಾಯಿಗೆ. ಗಂಟಲು ಮೇಲಕ್ಕೆ ತಳ್ಳಿತು, ನಾನು ಕೆಳಕ್ಕೆ ತಳ್ಳಿದೆ. ಇಳಿಯಿತು. ಇಳಿದ ಮೇಲೆ ಇನ್ನೊಂದು ದಿಗಿಲು: ಇದು ಹೊಸ ರುಚಿಯಲ್ಲ. ಬೆಲ್ಲ ಗಟ್ಟಿಯಾಗುವ ಮೊದಲು ಕೊಪ್ಪರಿಗೆಯಿಂದ ಇಳಿಸುವ ಪಾಕ, ನಮ್ಮ ಕಡೆಯ ಕಾಕವಿ. ಬುದ್ಧಿ ಬಂದಾಗಿನಿಂದ ಚಪಾತಿಗೆ ಹಚ್ಚಿಕೊಂಡು ತಿಂದದ್ದು. ಜೇನೆಲ್ಲ ಹೀಗೇ ಇರುತ್ತದೋ ಏನೋ, ನನಗೇನು ಗೊತ್ತು?

ಅಜ್ಜಿಗೆ ಗೊತ್ತಿತ್ತು. ಬೆರಳದ್ದಿ ನೆಕ್ಕಿದವಳೇ, "ಏ, ಕಾಕವಿ ಇದು! ಗಾಣದಾಗ ತುಂಬಿಸ್ಕೊಂಡ ಬಂದು ಜೇನ ಅಂತಾನ, ಮಂಗ್ಯಾ!" ಎಂದಳು. ಸಂತೆ ನಕ್ಕಿತು. ಬಾಟಲಿಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟೆ.

ನೇರವಾಗಿ ಹೋದದ್ದು ಬಾಜೂ ಹೊಲದ ಕಾಕಾನ ಬೆಲ್ಲದ ಗಾಣಕ್ಕೆ. ಕಬ್ಬಿನ ಹಾಲಿನ ತೊಟ್ಟಿಯ ಅಂಚಿಗೆಲ್ಲ ಹುಳು. ನನ್ನ ಪೆಟ್ಟಿಗೆಯ ಹುಳು. ದಾಳಿಂಬೆಯ ಹೂವು ಬಿಟ್ಟು ಕಬ್ಬಿನ ಹಾಲಿಗೆ ಸಾಲುಗಟ್ಟಿದ್ದವು. ಕುದಿಯುವ ಕೊಪ್ಪರಿಗೆಗೂ ಬೀಳುತ್ತಿದ್ದವು. ಜಾಲರಿ ಸೌಟಿನಲ್ಲಿ ತೆಗೆದ ನೊರೆಯ ಗುಡ್ಡೆಯಲ್ಲಿ ಬೆಂದ ಹುಳುಗಳು ಒಂದಕ್ಕೊಂದು ಅಂಟಿ ಉಂಡೆಯಾಗಿದ್ದವು.

"ಬಾಪಾ, ನಿನ್ನ ದನಾ ಮೇಯಾಕ ಬಂದಾವ ನೋಡು," ಎಂದ ಕಾಕಾ.

"ದಿನಾ ಹಿಂಗ ಬೀಳ್ತಾವೇನ್ರಿ?"

"ನೀ ಡಬ್ಬಿ ಇಟ್ಟಾಗಿಂದ ಇದ ಹಾಡು. ಚಿಂತಿ ಮಾಡಬ್ಯಾಡ, ಸೋಸಿ ತಗೀತೀವಿ. ಉಳದದ್ದ ಕರಗತೈತಿ."

ಉಳದದ್ದ ಕರಗತೈತಿ. ನಮ್ಮ ಮನೆಯ ಕಾಕವಿ, ಬೆಲ್ಲ, ಹಬ್ಬದ ಹೋಳಿಗೆಯ ಹೂರಣ ಎಲ್ಲ ಇದೇ ಕೊಪ್ಪರಿಗೆಯದು.

ಮನೆ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಸಂತೆಯ ಸುದ್ದಿ ಬೇರೆಯವರು ತರುವ ಮೊದಲು ನಾನೇ ಹೇಳಿದೆ.

"ತಿಂದಿ?" ಎಂದಳು ಅವ್ವ.

"ಒಂದ ಚಮಚಾ."

"ನುಂಗಿದಿ?"

"ಮಂದಿ ಮುಂದ ಹ್ಯಾಂಗ ಉಗಳ್ಲಿ ಅವ್ವಾ?"

"ಆಣಿ ಉಗಳಾಕ ಬಂತು, ಜೇನ ಉಗಳಾಕ ಬರ್ಲಿಲ್ಲ."

ಎದ್ದು ಒಲೆಯ ಕಡೆಗೆ ಹೋದಳು. ಆಮೇಲೆ, "ಆತು, ಬಾಯಿ ಮುಕ್ಕಳಿಸ್ಕೊಂಡ ಬಾ, ಹೊತ್ತ ಮುಳಗೂದರೊಳಗ ಉಣ್ಣು," ಎಂದು ಚಪಾತಿ ಹಾಕಿ, ಅದರ ಮೇಲೆ ಕಾಕವಿ ಸುರಿದಳು. ತನಗೂ ಹಾಕಿಕೊಂಡಳು. ಎಂಬತ್ತರ ಹತ್ತಿರದ ಆಕೆಗೆ ಉಳಿದಿದ್ದ ಆಸೆ ಅದೊಂದೇ. ಗಡ್ಡೆಗೆಣಸು ಬಿಟ್ಟಿದ್ದಾಳೆ, ರಾತ್ರಿಯೂಟ ಬಿಟ್ಟಿದ್ದಾಳೆ, ಸಕ್ಕರೆ ಮೊದಲಿನಿಂದಲೂ ಸೇರದು.

ಸುಮ್ಮನಿದ್ದುಬಿಡು ಎಂದಿತು ಒಂದು ಮನಸ್ಸು. ಆಕೆ ತುತ್ತು ಎತ್ತಿದಳು. ಆ ನೊರೆಯ ಉಂಡೆ ಕಣ್ಣ ಮುಂದೆ ಬಂತು.

"ಅವ್ವಾ, ತಡಿ."

ಗಾಣದಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಆಕೆ ತುತ್ತನ್ನು ತಾಟಿಗೆ ಇಳಿಸಿ, ಬೆರಳುಗಳನ್ನು ಬಹಳ ಹೊತ್ತು ನೋಡಿದಳು.

"ನಿನ್ನ ಹುಳಾನ?"

"ನಂದ."

"ಎಷ್ಟ ದಿನದಿಂದ ತಿನ್ನಾಕತ್ತೀನಿ ನಾ?"

ಆಕೆ ಎದ್ದು ಕಾಕವಿಯ ಗಡಿಗೆಯನ್ನು ಹೊರಗಿಟ್ಟು ಬಂದಳು.

ಪೆಟ್ಟಿಗೆಗಳು ಈಗ ಸತ್ತಿ ಎಂಬ ಊರಿನಲ್ಲಿ, ಹೊಳೆ ದಂಡೆಯ ಪರಿಚಯದವರ ಸೂರ್ಯಕಾಂತಿ ಹೊಲದಲ್ಲಿವೆ. ಅಲ್ಲಿಂದ ಹತ್ತಿರದ ಗಾಣ ಎಷ್ಟು ದೂರ ಎಂದು ಮೂರು ಜನರನ್ನು ಕೇಳಿದ್ದೇನೆ, ಮೂವರೂ ಬೇರೆಬೇರೆ ಹೇಳಿದ್ದಾರೆ. ದಾಳಿಂಬೆ ಮತ್ತೆ ಹೂವು ಉದುರಿಸುತ್ತಿದೆ. ಅವ್ವ ಬೆಲ್ಲ ಬಿಟ್ಟಳು. ಬೇರೆ ಊರಿನದು ತಂದುಕೊಡುತ್ತೇನೆಂದರೂ ಕೇಳಲಿಲ್ಲ. ಬೆಳಿಗ್ಗೆ ಸಪ್ಪೆ ಚಹಾ ಕುಡಿಯುತ್ತಾಳೆ, ಮುಖ ಕಿವುಚದೆ. ಎದುರಿಗೆ ಕೂತು ನಾನು ಸಕ್ಕರೆ ಹಾಕಿದ್ದನ್ನು ಕುಡಿಯುತ್ತೇನೆ. ಆಕೆಯ ಲೋಟದ ಕಡೆ ನೋಡುವುದಿಲ್ಲ, ನನ್ನದನ್ನು ಬಿಡುವುದೂ ಇಲ್ಲ. ಹೇಸಿಗೆ ಎಂದರೆ ನನಗೆ ಈಗ ಹುಳುವಲ್ಲ, ಈ ಸಿಹಿ ಬಿಡಲಾರದ ನನ್ನ ಬಾಯಿ.